ಬಂಗುಡೆ ಅಳೆದ ಮೇಡಂ: ನಮ್ಮ ಮೀನುಗಾರಿಕೆ ಕಚೇರಿಯ ಸೇವೆ ಹೇಗಿದೆ?

ಮೇಡಂ ಅಳೆದ ಮೊದಲ ಬಂಗುಡೆ 12.5 ಸೆಂಟಿಮೀಟರ್ ಇತ್ತು. ಕಾನೂನು ಪ್ರಕಾರ ಬೇಕಾದದ್ದು 14.

2022ರ ಆಗಸ್ಟ್ ತಿಂಗಳು. ಸಣ್ಣ ಮಳೆ ಬರುತ್ತಿತ್ತು. ನಮ್ಮ ದೋಣಿ ಆಗಷ್ಟೇ ದಡಕ್ಕೆ ಬಂದಿತ್ತು. ಬಾಕ್ಸಿನ ಪಕ್ಕ ಮರಳಿನ ಮೇಲೆ ಒಬ್ಬರು ಹೆಂಗಸು ಮೊಣಕಾಲೂರಿ ಕೂತಿದ್ದರು. ಮಕ್ಕಳು ಶಾಲೆಗೆ ಒಯ್ಯುವಂಥ ಸ್ಟೀಲ್ ಸ್ಕೇಲು ಕೈಯಲ್ಲಿ. ಮೀನಿನ ಮೂತಿಯಿಂದ ಬಾಲದ ತುದಿವರೆಗೆ ಇಟ್ಟು ಅಳೆಯುತ್ತಿದ್ದರು. ಹತ್ತು ಮೀನು ಅಳೆದರು. ಏಳು ಮೀನು 14 ಮುಟ್ಟಲಿಲ್ಲ. ಜೊತೆಗೆ ಬಂದ ಹುಡುಗ ಪುಸ್ತಕದಲ್ಲಿ ಬರೆದುಕೊಂಡ. ನನಗೆ ಸಿಟ್ಟು ನೆತ್ತಿಗೇರಿತು.

ಈ ವಿಮರ್ಶೆ ಆ ಮೇಡಂ ಬಗ್ಗೆ, ಅವರು ಕೂತಿದ್ದ ಮೀನುಗಾರಿಕೆ ಕಚೇರಿಯ ಸೇವೆಯ ಬಗ್ಗೆ. ಅವರ ಹೆಸರು ಬರೆಯುವುದಿಲ್ಲ, ಯಾವ ಕಚೇರಿ ಅಂತಲೂ ಹೇಳುವುದಿಲ್ಲ. ಕಾಸರಗೋಡಿನ ಕಡಲ ಬದಿಯವರಿಗೆ ಹೇಳದಿದ್ದರೂ ಗೊತ್ತಾಗುತ್ತದೆ.

ನಾನು ಕುಂಬಳೆ ಹತ್ತಿರದ ಕೋಯಿಪಾಡಿ ಕಡಪ್ಪುರದವಳು. ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ನಾವು. ನಮ್ಮದು ಒಂದು ಫೈಬರ್ ದೋಣಿ, ಔಟ್‌ಬೋರ್ಡ್ ಇಂಜಿನ್. ಗಂಡ, ಮೈದುನ, ಇನ್ನಿಬ್ಬರು ಹೋಗುತ್ತಾರೆ. ಗಂಡಸರು ರಾತ್ರಿ ಕಡಲಲ್ಲಿ ಇರುತ್ತಾರೆ, ಹಗಲು ಮಲಗುತ್ತಾರೆ. ಹಾಗಾಗಿ ದೋಣಿಯ ಕಾಗದ ಪತ್ರ ಪೂರ್ತಿ ನನ್ನ ಕೈಯಲ್ಲಿ. ರಿಜಿಸ್ಟ್ರೇಷನ್, ಲೈಸೆನ್ಸ್, ಇನ್ಶೂರೆನ್ಸ್, ಸೀಮೆಎಣ್ಣೆ ಪರ್ಮಿಟ್, ಕ್ಷೇಮನಿಧಿ ಪಾಸ್‌ಬುಕ್. ಹದಿನಾರು ವರ್ಷದಿಂದ ಕಚೇರಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಒಳ್ಳೆಯದೂ ನೋಡಿದ್ದೇನೆ, ಕೆಟ್ಟದ್ದೂ ನೋಡಿದ್ದೇನೆ.

ಆ ದಿನದ ಬಂಗುಡೆಗೆ ಒಂದು ಕಾರಣ ಇತ್ತು. ದೊಡ್ಡ ಮೀನು ಸಿಗುತ್ತಿಲ್ಲ ಅಂತ ಹಿಂದಿನ ತಿಂಗಳಷ್ಟೇ ಸಣ್ಣ ಕಣ್ಣಿನ ಕಂತಬಲೆ ತಂದಿದ್ದೆವು. ಎರಡು ಬೆರಳು ಸರಿಯಾಗಿ ತೂರದಷ್ಟು ಸಣ್ಣ ಕಣ್ಣು. ಸ್ವಸಹಾಯ ಸಂಘದ ಸಾಲ. ಕಂತು ಕಟ್ಟಬೇಕಲ್ವಾ? ಬಂದದ್ದನ್ನು ಮಾರುವುದು ಬಿಟ್ಟರೆ ಬೇರೆ ದಾರಿ ಕಾಣುತ್ತಿರಲಿಲ್ಲ.

"ಮೇಡಂ, ನಿಮಗೆ ಅಳೆಯಲು ನಮ್ಮ ಬಾಕ್ಸ್ ಮಾತ್ರ ಸಿಕ್ಕಿದ್ದಾ?" ಅಂದೆ. ಅವರು ತಲೆ ಎತ್ತಿ ನೋಡಿದರು. ತೆಂಕಣ ಕಡೆಯ ಮಲಯಾಳಂ. "ಚೇಚಿ, ಒಂದು ನಿಮಿಷ ಇಲ್ಲಿ ಬನ್ನಿ" ಅಂದರು. ಚೇಚಿ ಅಂದರೆ ಅಕ್ಕ. ಬಾಕ್ಸಿನಿಂದ ಸಣ್ಣ ಬಂಗುಡೆ ಒಂದನ್ನು ತೆಗೆದು ಹೆಬ್ಬೆರಳಿನ ಉಗುರಿನಿಂದ ಹೊಟ್ಟೆ ಸೀಳಿದರು. ಒಳಗೆ ನೂಲಿನ ಎಳೆಯಂಥದ್ದು ಎರಡು ಇದ್ದವು. ಆಮೇಲೆ ಪಕ್ಕದ ದೋಣಿಯವರ ಹತ್ತಿರ ಕೇಳಿ ಅಂಗೈಗಿಂತ ಉದ್ದದ ಒಂದು ಬಂಗುಡೆ ತಂದು ಅದನ್ನೂ ಸೀಳಿದರು. ಹಳದಿ ಮೊಟ್ಟೆಯ ಚೀಲ, ನನ್ನ ಕಿರುಬೆರಳಷ್ಟು ದಪ್ಪ. ಎರಡನ್ನೂ ಒಂದೇ ಅಂಗೈ ಮೇಲೆ ಇಟ್ಟು ತೋರಿಸಿದರು. "ಆ ಎಳೆ ಇದಾಗಬೇಕು. ಅಷ್ಟು ದಿನ ಕಡಲಲ್ಲಿ ಇರಬೇಕು" ಅಂದರು. ಇನ್ನೇನೂ ಹೇಳಲಿಲ್ಲ.

ನಾನು ಎಷ್ಟೋ ವರ್ಷದಿಂದ ಮೀನು ಕುಯ್ಯುತ್ತಿರುವವಳು. ಮೊಟ್ಟೆ ಇರುವ ಮೀನು ಸಿಕ್ಕಿದರೆ ಮಕ್ಕಳಿಗೆ ಅಂತ ಪ್ರತ್ಯೇಕ ಹುರಿದು ಇಡುತ್ತೇನೆ. ಆದರೆ ಹೀಗೆ ಎರಡನ್ನು ಒಟ್ಟಿಗೆ ಇಟ್ಟು ಯಾವತ್ತೂ ನೋಡಿರಲಿಲ್ಲ.

ಆ ಸಲ ದಂಡ ಹಾಕಲಿಲ್ಲ. ಎಚ್ಚರಿಕೆ ಬರೆದು ಸಹಿ ತಗೊಂಡರು. ಬಲೆಯ ಕಣ್ಣು ಅಳೆದರು. ಇನ್ನೊಮ್ಮೆ ಹೀಗೇ ಸಿಕ್ಕಿದರೆ ದಂಡ ಅಂತ ಸ್ಪಷ್ಟವಾಗಿ ಹೇಳಿದರು. ದನಿ ಏರಿಸಲಿಲ್ಲ, ರಿಯಾಯಿತಿಯ ಮಾತೂ ಆಡಲಿಲ್ಲ.

ಹೊರಡುವಾಗ ನಾನು ಸುಮ್ನೆ ಬಿಡಲಿಲ್ಲ. ನಮ್ಮ ನಾಲ್ಕು ಜನರ ದೋಣಿ ಹಿಡಿಯುವುದು ಸುಲಭ. ರಾತ್ರಿ ದಡದ ಹತ್ತಿರ ಬಂದು ಅಡಿಯಿಂದ ಬಾಚಿಕೊಂಡು ಹೋಗುವ ಟ್ರಾಲ್ ಬೋಟುಗಳನ್ನು ಯಾರು ಅಳೆಯುತ್ತಾರೆ? ಅವರ ಬಲೆಯಲ್ಲಿ ಬೆರಳುದ್ದದ ಮರಿ ರಾಶಿ ಬೀಳುತ್ತದೆ. ಅದು ಯಾರ ಊಟಕ್ಕೂ ಹೋಗುವುದಿಲ್ಲ. ನೇರ ಫಿಶ್‌ಮಿಲ್ಲಿಗೆ ಹೋಗಿ ಪುಡಿಯಾಗುತ್ತದೆ. ಇದನ್ನೆಲ್ಲ ಹೇಳಿದೆ. ಅವರು ಎಚ್ಚರಿಕೆ ಕಾಗದದ ನನ್ನ ಪ್ರತಿ ತಗೊಂಡು ಅದರ ಹಿಂದೆ ಒಂದು ಫೋನ್ ನಂಬರ್ ಬರೆದರು. "ಲೈಟ್ ಕಂಡ ಕೂಡಲೇ ಮಾಡಿ. ಎಷ್ಟು ಗಂಟೆಯಾದರೂ ಸರಿ."

ನಂಬಲಿಲ್ಲ. ಸರಕಾರಿ ನಂಬರ್ ಅಂದರೆ ಹಗಲೇ ಎತ್ತುವುದಿಲ್ಲ ಅನ್ನುವುದು ನನ್ನ ಅನುಭವ. ಇದಕ್ಕೂ ಮೊದಲು ಬೇರೊಂದು ಕಡೆ ಇಂಥದ್ದೇ ದೂರು ಕೊಡಲು ಮೂರು ರಾತ್ರಿ ಫೋನ್ ಮಾಡಿ ಕೈಬಿಟ್ಟಿದ್ದೆ.

ಆದರೂ ಕಾಗದವನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟೆ.

ಮುಂದಿನ ವಾರ ನಮ್ಮ ಭಜನಾ ಮಂದಿರದ ಜಗಲಿಯಲ್ಲಿ ಒಂದು ಸಭೆ ಇಟ್ಟರು. ಗೋಡೆಗೆ ಚಾರ್ಟ್ ತೂಗುಹಾಕಿದರು. ಯಾವ ಮೀನು ಕನಿಷ್ಠ ಎಷ್ಟು ಉದ್ದ ಇರಬೇಕು ಅನ್ನುವ ಪಟ್ಟಿ. ಕೇರಳದಲ್ಲಿ ಈ ನಿಯಮ 2015ರಲ್ಲಿ 14 ಜಾತಿ ಮೀನಿಗೆ ಬಂದು, 2017ರಲ್ಲಿ 58 ಜಾತಿಗೆ ಆಯಿತು. ಕೊಚ್ಚಿಯ ಸಿಎಂಎಫ್‌ಆರ್‌ಐ, ಅಂದರೆ ಕಡಲ ಮೀನಿನ ಕೇಂದ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಳತೆ ಹೇಳಿದ್ದು. ಇಡೀ ದೇಶದಲ್ಲಿ ಮೊದಲು ಮಾಡಿದ್ದು ಕೇರಳವಂತೆ. ಎರಡನೇ ಹಂತದಲ್ಲಿ ಮೀನುಗಾರಿಕೆ ಮಂತ್ರಿಯಾಗಿದ್ದವರು ಜೆ. ಮೆರ್ಸಿಕುಟ್ಟಿ ಅಮ್ಮ, ಕೊಲ್ಲಂ ಕಡೆಯವರು. ಕಾರ್ಮಿಕ ಸಂಘಟನೆಯಿಂದ ಬಂದ ಹೆಂಗಸು. 2016ರಿಂದ 2021ರವರೆಗೆ ಇದ್ದರು. ಮಳೆಗಾಲದ ಟ್ರಾಲಿಂಗ್ ನಿಷೇಧ 52 ದಿನಕ್ಕೆ ಏರಿದ್ದೂ ಅವರ ಕಾಲದಲ್ಲೇ, 2018ರಲ್ಲಿ. ನನಗೆ ಯಾವ ಪಕ್ಷವೂ ಇಲ್ಲ. ಆದರೆ ಮೀನಿನ ಮರಿ ಉಳಿಯಬೇಕು ಅಂತ ಕಾನೂನು ಗಟ್ಟಿ ಮಾಡಿದ ಕಾಲದಲ್ಲಿ ಆ ಕುರ್ಚಿಯಲ್ಲಿ ಒಬ್ಬಳು ಹೆಂಗಸು ಇದ್ದಳು ಅನ್ನುವುದು ನನಗೆ ದೊಡ್ಡ ವಿಷಯ. ಸಭೆಯಲ್ಲಿ ಮೇಡಂ ಇದನ್ನು ಹೇಳಿದಾಗ ಹಿಂದೆ ಕೂತಿದ್ದ ನಾವೆಲ್ಲ ಹೆಂಗಸರು ಮುಂದೆ ಬಂದು ಕೂತೆವು.

ಚಾರ್ಟಿಗೆ ಬರುತ್ತೇನೆ. ಪೂರ್ತಿ ಮಲಯಾಳಂ. ಅಯಲ 14. ಮತ್ತಿ 10. ಕಿಳಿಮೀನ್ 12. ನಮ್ಮ ಅತ್ತೆಗೆ ಮಲಯಾಳಂ ಓದಲು ಬರುವುದಿಲ್ಲ. ಅವರು ಓದಿದ್ದು ನಾಲ್ಕನೇ ಕ್ಲಾಸ್, ಕನ್ನಡ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು, ಆದರೆ ಅತ್ತೆಯ ಅಕ್ಷರ ಸೇರಲಿಲ್ಲ. ಅವರು ಮುಂದಿನ ಸಾಲಿನಲ್ಲೇ ಕೂತು, "ಇದರಲ್ಲಿ ಬಂಗುಡೆ ಎಲ್ಲುಂಟು?" ಅಂತ ಜೋರಾಗಿ ಕೇಳಿದರು.

ಮೇಡಂ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಬ್ಯಾಗಿನಿಂದ ಮಾರ್ಕರ್ ತೆಗೆದು ನನ್ನ ಕೈಗೆ ಕೊಟ್ಟರು. "ಚೇಚಿ, ನೀವೇ ಬರೆಯಿರಿ." ಅಯಲ ಅಂದಲ್ಲಿ ಬಂಗುಡೆ ಬರೆದೆ. ಮತ್ತಿ ಅಂದಲ್ಲಿ ಬೂತಾಯಿ. ಕಿಳಿಮೀನ್ ಹತ್ತಿರ ಮದ್ಮಲ್. ಪಟ್ಟಿಯಲ್ಲಿ ಕೆಳಗೆ ಹೋದ ಹಾಗೆ ಹೆಂಗಸರೇ ಕೂಗಿ ಹೇಳಲು ಶುರು ಮಾಡಿದರು. ಕಾಣೆ, ಮಾಂಜಿ, ನಂಗ್, ಪಾಂಬೊಳ್. ಎರಡು ಹೆಸರಿಗೆ ಜಗಳವೂ ಆಯಿತು. ಮೇಡಂ ಪ್ರತಿಯೊಂದನ್ನೂ ತಮ್ಮ ಡೈರಿಯಲ್ಲಿ ಮಲಯಾಳಂ ಅಕ್ಷರದಲ್ಲಿ ಬರೆದುಕೊಂಡರು. ಮುಂದಿನ ಸಲ ದಡಕ್ಕೆ ಬಂದಾಗ ಅಯಲ ಅನ್ನಲಿಲ್ಲ, "ಬಂಗುಡೆ ಎಷ್ಟು ಬಾಕ್ಸ್?" ಅಂತ ಕೇಳಿದರು. ಉಚ್ಚಾರ ಸರಿ ಇರಲಿಲ್ಲ, ಆದರೆ ಗಂಡಸರು ನಿಂತು ಉತ್ತರ ಕೊಟ್ಟರು.

ಆ ಚಾರ್ಟ್ ಈಗಲೂ ಮಂದಿರದ ಜಗಲಿಯಲ್ಲಿದೆ. ಬಿಸಿಲಿಗೆ ಅಚ್ಚಿನ ಬಣ್ಣ ಮಾಸಿದೆ. ಮಾರ್ಕರಿನ ಕನ್ನಡ ಕಪ್ಪಾಗಿ ನಿಂತಿದೆ.

ಬೂತಾಯಿಯ ಲೆಕ್ಕ ಹೇಳಿದ್ದೂ ಅದೇ ಸಭೆಯಲ್ಲಿ. 2012ರಲ್ಲಿ ಕೇರಳದ ದಡಕ್ಕೆ ಬಂದ ಬೂತಾಯಿ ಹತ್ತಿರ ಹತ್ತಿರ 4 ಲಕ್ಷ ಟನ್. 2021ರಲ್ಲಿ ಸುಮಾರು 3,300 ಟನ್. ಮರಿ ಹಿಡಿದದ್ದು ಒಂದೇ ಕಾರಣ ಅಂತ ಅವರು ಹೇಳಲಿಲ್ಲ. ಕಡಲ ನೀರಿನ ಬಿಸಿ, ಮಳೆ, ಬೂತಾಯಿ ತಿನ್ನುವ ಆಹಾರ, ಇವೆಲ್ಲ ಸೇರುತ್ತವೆ ಅಂದರು. "ನೀರಿನ ಬಿಸಿ ನನ್ನ ಕೈಯಲ್ಲಿಲ್ಲ. ಬಲೆಯ ಕಣ್ಣು ನಮ್ಮ ಕೈಯಲ್ಲಿದೆ" ಅಂದರು. ಟನ್ನಿನ ಲೆಕ್ಕ ನಮಗೆ ಹೊಸದು. ಆದರೆ ಆ ವರ್ಷ ನಮಗೆ ಚೆನ್ನಾಗಿ ನೆನಪಿದೆ. ಬಡವರ ಮೀನು ಅಂತ ಬುಟ್ಟಿಗಟ್ಟಲೆ ಹಂಚುತ್ತಿದ್ದ ಬೂತಾಯಿಯನ್ನು ನಮ್ಮ ಕೇರಿಯಲ್ಲೇ ಎಣಿಸಿ ಕೊಳ್ಳುವ ಹಾಗಾಗಿತ್ತು.

ಇನ್ನು ಅಕ್ಟೋಬರಿನ ರಾತ್ರಿ.

ಒಂದು ಗಂಟೆ ಆಗಿತ್ತು. ಗಂಡನ ಫೋನ್. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಎರಡು ಬೋಟು ನಮ್ಮ ಬಲೆಯ ಮೇಲೇ ಬರುತ್ತಿವೆ, ಟಾರ್ಚ್ ಬೀಸಿದರೂ ತಿರುಗುತ್ತಿಲ್ಲ ಅಂದರು. ರಾತ್ರಿ ಟ್ರಾಲಿಂಗ್ ಇಲ್ಲಿ ನಿಷೇಧ. ಆದರೂ ಬರುತ್ತಾರೆ. ನಾನು ದೇವರ ಫೋಟೋದ ಹಿಂದಿನ ಕಾಗದ ತೆಗೆದೆ.

ಎರಡನೇ ರಿಂಗಿಗೆ ಎತ್ತಿದರು. ನಿದ್ದೆಗಣ್ಣಿನ ದನಿ, ಆದರೆ ಪ್ರಶ್ನೆ ಒಂದೂ ಹಾಳಿರಲಿಲ್ಲ. ಲೈಟ್ ಎಷ್ಟು? ನೀರು ಎಷ್ಟು ಮಾರು? ದಡದ ಯಾವ ಗುರುತು ಕಾಣುತ್ತಿದೆ? ಬೋಟಿನ ಮೂತಿ ಬಡಗಣಕ್ಕೋ ತೆಂಕಣಕ್ಕೋ? ನಾನು ಗಂಡನಿಗೆ ಇನ್ನೊಂದು ಫೋನಿನಲ್ಲಿ ಕೇಳಿ ಕೇಳಿ ಹೇಳಿದೆ. ತುಳು, ಕನ್ನಡ, ಮಲಯಾಳಂ ಎಲ್ಲಾ ಕಲಸಿ ಹೇಳಿದೆ. "ಗಂಡನಿಗೆ ಹೇಳಿ, ಅವರ ಹತ್ತಿರ ಹೋಗಬಾರದು, ಜಗಳ ಮಾಡಬಾರದು. ಬಲೆ ಹೋದರೆ ಹೋಗಲಿ" ಅಂದರು.

ಬಲೆ ಹೋಯಿತು. ಅರ್ಧಕ್ಕಿಂತ ಜಾಸ್ತಿ.

ನಾಲ್ಕು ಗಂಟೆ ಹೊತ್ತಿಗೆ ಗಸ್ತಿನ ಬೋಟು ಅಲ್ಲಿಗೆ ಮುಟ್ಟಿತು. ಬೆಳಗ್ಗೆ ಎರಡೂ ಬೋಟು ಬಂದರಿನಲ್ಲಿದ್ದವು. ನಾವು ನೋಡಲು ಹೋದೆವು. ಗಸ್ತು ಬೋಟಿನಿಂದ ಇಳಿದವರಲ್ಲಿ ಮೇಡಂ ಇದ್ದರು. ರೈನ್‌ಕೋಟ್, ಅದರ ಮೇಲೆ ಲೈಫ್ ಜಾಕೆಟ್, ಮುಖದ ಮೇಲೆ ಉಪ್ಪು ಒಣಗಿ ಬಿಳಿ. ನಮ್ಮ ಅತ್ತೆ ಹೆಂಗಸು ದೋಣಿ ಹತ್ತಬಾರದು ಅನ್ನುವವರು. ನಮ್ಮ ದೋಣಿಗೆ ನಾನು ಇಂದಿಗೂ ಕಾಲಿಟ್ಟಿಲ್ಲ. ಆ ದಿನ ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಮಗಳೇ, ತಲೆ ಒರೆಸಿಕೋ" ಅಂತ ತಮ್ಮ ಸೆರಗು ಕೊಟ್ಟರು. ಆಮೇಲೊಮ್ಮೆ ಮೇಡಂ ತ್ರಿಶೂರ್ ಚೇಟುವದ ರೇಖಾ ಅವರ ಕಥೆ ಹೇಳಿದರು. ಗಂಡನ ಜೊತೆ ಕಡಲಿಗೆ ಹೋಗುವವರು, ಆಳ ಸಮುದ್ರದ ಮೀನುಗಾರಿಕೆಗೆ ಲೈಸೆನ್ಸ್ ಪಡೆದ ದೇಶದ ಮೊದಲ ಹೆಂಗಸು ಅಂತ 2017ರಲ್ಲಿ ಸಿಎಂಎಫ್‌ಆರ್‌ಐ ಸನ್ಮಾನಿಸಿತ್ತು. ಅತ್ತೆ ಕೇಳಿಸಿಕೊಂಡರು. ಏನೂ ಹೇಳಲಿಲ್ಲ.

ಬಂದರಿನಲ್ಲಿ ಅದೇ ಸ್ಟೀಲ್ ಸ್ಕೇಲು ಹೊರಗೆ ಬಂತು. ಅದೇ ಮೊಣಕಾಲು, ಅದೇ ಹತ್ತು ಮೀನು. ಬೋಟಿನ ಬಲೆಯ ತುದಿಯ ಚೀಲದ ಕಣ್ಣನ್ನೂ ಅಳೆದರು. ಅಲ್ಲಿ 35 ಮಿಲಿಮೀಟರ್ ಚೌಕ ಕಣ್ಣು ಇರಬೇಕು. ಚೌಕ ಯಾಕೆ ಅಂತ ಆ ದಿನವೇ ನನಗೆ ಗೊತ್ತಾದದ್ದು. ಮಾಮೂಲಿ ಬಲೆಯ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ, ಮರಿ ಹೊರಗೆ ಹೋಗುತ್ತದೆ. ಬೋಟಿನ ಮೀನು ಹರಾಜಾಗಿ ದುಡ್ಡು ಸರಕಾರಕ್ಕೆ ಹೋಯಿತು. ಇಂಥ ದೊಡ್ಡ ಬೋಟಿಗೆ 2.5 ಲಕ್ಷ ರೂಪಾಯಿವರೆಗೂ ದಂಡ ಬೀಳುತ್ತದೆ. ಬೋಟಿನವರ ಕಡೆಯಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. ಮೇಡಂ ಎಲ್ಲವನ್ನೂ ಎತ್ತಿದರು, "ಕಾನೂನು ಪ್ರಕಾರ ಆಗುತ್ತದೆ" ಅಂತ ಒಂದೇ ಮಾತು ಹೇಳಿ ಇಟ್ಟರು.

ಇಲ್ಲಿ ಒಂದು ಕಷ್ಟದ ಮಾತು ಉಂಟು. ಅದರಲ್ಲಿ ಒಂದು ಬೋಟು ಗಡಿ ಆಚೆಯದು. ಅದರಲ್ಲಿ ಕೂಲಿಗೆ ಹೋಗಿದ್ದವರಲ್ಲಿ ಉಳ್ಳಾಲದ ನಮ್ಮ ಸೋದರತ್ತೆಯ ಮಗ ಇದ್ದ. ತಲಪಾಡಿಯಲ್ಲಿ ರಸ್ತೆಗೆ ಚೆಕ್‌ಪೋಸ್ಟ್ ಉಂಟು, ಕಡಲಿಗೆ ಗೆರೆ ಇಲ್ಲ. ಆಚೆಯವರು ನಮ್ಮ ನೆಂಟರು, ನಾವು ಅವರ ನೆಂಟರು. ಕರ್ನಾಟಕದ ಮಳೆಗಾಲದ ಟ್ರಾಲಿಂಗ್ ರಜೆ ಜೂನ್ 1ಕ್ಕೆ ಶುರು, ಇಲ್ಲಿಯದು 9ರ ನಡುರಾತ್ರಿಗೆ. ಮುಗಿಯುವುದು ಮಾತ್ರ ಎರಡೂ ಕಡೆ ಜುಲೈ 31. ಒಂದೇ ಮೀನು, ಒಂದೇ ನೀರು, ಲೆಕ್ಕ ಎರಡು. ಇದು ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಎರಡೂ ಸರಕಾರದವರು ಕೂತು ದಿನ ಒಂದೇ ಮಾಡಬೇಕು.

ಫೋನ್ ಮಾಡಿದ್ದು ಯಾರು ಅಂತ ಕಚೇರಿಯಿಂದ ಹೊರಗೆ ಬರಲಿಲ್ಲ. ಮೇಡಂ ಯಾರ ಹತ್ತಿರವೂ ಹೇಳಲಿಲ್ಲ. ನಾನೇ ಹೇಳಿದೆ. ದೀಪಾವಳಿಗೆ ಉಳ್ಳಾಲಕ್ಕೆ ಹೋಗಿದ್ದಾಗ ಸೋದರತ್ತೆಯ ಅಡುಗೆಮನೆಯಲ್ಲಿ ಹೇಳಿದೆ. "ಅತ್ತೆ, ಆ ದಿನ ಫೋನ್ ಮಾಡಿದ್ದು ನಾನು. ನಮ್ಮ ಬಲೆ ಹರಿದಿತ್ತು." ಅವರು ತೆಂಗಿನಕಾಯಿ ಹೆರೆಯುವುದನ್ನು ನಿಲ್ಲಿಸಲಿಲ್ಲ. ತುಂಬಾ ಹೊತ್ತಿನ ಮೇಲೆ, "ಅವನಿಗೆ ಆ ತಿಂಗಳ ಪಾಲು ಸಿಗಲಿಲ್ಲ" ಅಂದರು. ಕೂಲಿಯವನ ಪಾಲು ಹೋಗುವುದು, ಮಾಲೀಕ ದಂಡ ಕಟ್ಟಿ ಮರುದಿನ ಬೋಟು ಬಿಡುವುದು, ಇದು ನನಗೂ ನೋವು. ಮೇಡಂ ಹತ್ತಿರ ಇದನ್ನೂ ಹೇಳಿದ್ದೇನೆ. ಅವರು ಇದಕ್ಕೆ ಸಮಾಧಾನದ ಮಾತು ಹೇಳಲಿಲ್ಲ. "ಹೌದು ಚೇಚಿ" ಅಂದರು, ಅಷ್ಟೇ.

ಸೇವೆಯ ಬೇರೆ ವಿಷಯ ಬೇಗ ಹೇಳಿಬಿಡುತ್ತೇನೆ. ದೋಣಿಯ ರಿಜಿಸ್ಟ್ರೇಷನ್ ಈಗ ರಿಯಲ್‌ಕ್ರಾಫ್ಟ್ ಅನ್ನುವ ಆನ್‌ಲೈನ್‌ನಲ್ಲಿ. ನಮ್ಮ ಕಚೇರಿಯಲ್ಲಿ ಕೂತು ತುಂಬಿಸಿಕೊಟ್ಟರು, ಕಾಸು ಕೇಳಲಿಲ್ಲ. ಲೈಸೆನ್ಸ್ ಹೇಳಿದ ದಿನ ಸಿಕ್ಕಿತು. ಒಮ್ಮೆ ಒಳ್ಳೆಯ ಅಂಜಲ್ ಮೀನು ಸಿಕ್ಕಿತ್ತು, ಒಂದು ತುಂಡು ಕಟ್ಟಿ ಕೊಟ್ಟೆ. ಮುಟ್ಟಲಿಲ್ಲ. ಮರುದಿನ ದಡಕ್ಕೆ ಬಂದು ಹರಾಜಿನ ರೇಟಿಗೆ ಅರ್ಧ ಕಿಲೋ ಬಂಗುಡೆ ದುಡ್ಡು ಕೊಟ್ಟು ತಗೊಂಡು ಹೋದರು.

ಕೊರತೆಯೂ ಉಂಟು. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕಡಲನ್ನು ಕಾಯಲು ಈಗಿರುವ ಬೋಟು, ಜನ ಸಾಲದು. ನಾನು ಒಂದು ಗಂಟೆಗೆ ಮಾಡಿದ ಫೋನಿಗೆ ನಾಲ್ಕು ಗಂಟೆಗೆ ಬಂದರು. ಅಷ್ಟರಲ್ಲಿ ಬಲೆ ಹೋಗಿತ್ತು. ಅದು ಮೇಡಂ ತಪ್ಪಲ್ಲ. ಕಡಲಲ್ಲಿ ಯಾರಿಗಾದರೂ ಹುಷಾರಿಲ್ಲದೆ ಹೋದರೂ ಇದೇ ಕಥೆ. 2020ರಲ್ಲಿ ಸರಕಾರ ಮೂರು ಮರೈನ್ ಆಂಬುಲೆನ್ಸ್ ಬಿಟ್ಟಿತು. ವಿಳಿಂಜಂನಲ್ಲಿ ಒಂದು, ವೈಪಿನ್‌ನಲ್ಲಿ ಒಂದು, ಬೇಪೂರಿನಲ್ಲಿ ಒಂದು. ಬೇಪೂರಿನಿಂದ ನಮ್ಮಲ್ಲಿಗೆ ಬರಲು ಕಣ್ಣೂರು ಜಿಲ್ಲೆ ಪೂರ್ತಿ ದಾಟಬೇಕು. ಬಡಗಣ ತುದಿಯವರ ಜೀವಕ್ಕೂ ಅಷ್ಟೇ ಬೆಲೆ ಅಲ್ವಾ? ಸದ್ಯಕ್ಕೆ ಆಪತ್ತಿಗೆ ನೆನಪಿಡಬೇಕಾದ ನಂಬರ್ ಎರಡು. ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ದೋಣಿಗೆ ಹೋಗುವ ಎಲ್ಲರ ಫೋನಿನಲ್ಲೂ ಹಾಕಿಡಿ.

ಇನ್ನೊಂದು, ಭಾಷೆ. ಮೇಡಂ ಇದ್ದ ಕಚೇರಿಯಲ್ಲಿ ನನ್ನ ಕನ್ನಡ ಅರ್ಜಿ ತಗೊಂಡರು. ಆದರೆ ಅಲ್ಲಿಂದ ಮುಂದಕ್ಕೆ ಹೋದ ಒಂದು ಕಡೆ ಅದನ್ನು ವಾಪಸ್ ಕಳಿಸಿದರು, ಮಲಯಾಳದಲ್ಲಿ ಬರೆದು ತನ್ನಿ ಅಂತ. ಇಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವುದು ನಮ್ಮ ಹಕ್ಕು. ನಾನು ಹೇಗೋ ಬರೆಸಿಕೊಂಡು ಬಂದೆ. ಅತ್ತೆಯಂಥವರು ಏನು ಮಾಡಬೇಕು?

ಸ್ಟಾರ್ ಲೆಕ್ಕ ಹೇಳುವುದಾದರೆ ಮೇಡಂಗೆ ಐದು. ಸೇವೆಗೆ ಮೂರು. ಬೋಟು ಮತ್ತು ಜನ ಜಾಸ್ತಿ ಮಾಡಿದರೆ ನಾಲ್ಕಕ್ಕೆ ಏರಿಸಲು ನಾನು ತಯಾರು. ಕಳೆದ ವರ್ಷ ಮೇಡಂಗೆ ತೆಂಕಣಕ್ಕೆ ವರ್ಗ ಆಯಿತು. ಈಗ ಬಂದಿರುವವರೂ ಫೋನ್ ಎತ್ತುತ್ತಾರೆ. ಒಮ್ಮೆ ಮಾಡಿ ನೋಡಿದ್ದೇನೆ.

ಹೋಗುವವರಿಗೆ ಎರಡು ಮಾತು. ಬೆಳಗ್ಗೆ ಹತ್ತೂವರೆ ಹೊತ್ತಿಗೆ ಹೋಗಿ, ಅದಕ್ಕೂ ಮೊದಲು ಸಿಬ್ಬಂದಿ ದಡದಲ್ಲಿರುತ್ತಾರೆ. ಆಧಾರ್, ಕ್ಷೇಮನಿಧಿ ಪಾಸ್‌ಬುಕ್, ದೋಣಿಯ ರಿಜಿಸ್ಟ್ರೇಷನ್, ಮೂರರ ಜೆರಾಕ್ಸ್ ಎರಡೆರಡು ಪ್ರತಿ ಇಟ್ಟುಕೊಳ್ಳಿ. ಬಲೆ ಹರಿದರೆ ಆ ದಿನವೇ ಫೋಟೋ ತೆಗೆಯಿರಿ, ಹರಿದ ಬಲೆ ಬಿಸಾಡಬೇಡಿ. ನಾವು ಸಿಟ್ಟಿನಲ್ಲಿ ಅರ್ಧ ಬಿಸಾಡಿದ್ದೆವು. ಮೇಡಂ ಹೇಳಿದ ಮೇಲೆ ಮೈದುನ ಹೋಗಿ ಮರಳಿನಿಂದ ಹೆಕ್ಕಿ ತಂದ.

ಆ ಬಲೆಯ ಪರಿಹಾರದ ಅರ್ಜಿ ಇನ್ನೂ ಮೇಲಿನ ಒಂದು ಕಚೇರಿಯಲ್ಲಿದೆ. ನಿನ್ನೆ ಮತ್ತೆ ಹೋಗಿ ಬಂದೆ. ಬರುವ ಸೋಮವಾರ ಬರಲು ಹೇಳಿದ್ದಾರೆ.